ಬೆಟ್ಟದ ಚಹಾ

ಹಣ್ಣು ಎಂದು ಆ ಮುದುಕಿ ಹೇಳಿದಳೇ, ಇಲ್ಲವೇ? ಡೆಲ್ಫಾ ಕಾಡಿಲ್ ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಬೆಳಿಗ್ಗೆ ತಾನೇ ತುಂಬಿದ ಹಾಳೆಯನ್ನು ಬೇರೆ ಯಾರೋ ಬರೆದದ್ದೆಂಬಂತೆ ಓದಿದಳು. ಹುಡುಗ, ಎರಡೂವರೆ ವರ್ಷ. ಕರೆ ಮಾಡಿದವರು ಅಜ್ಜಿ, ಓಷಾ ಸೈಜ್‌ಮೋರ್. ಬಾಯಿಗೆ ಹಾಕಿಕೊಂಡದ್ದು: ಬೆಟ್ಟದ ಚಹಾ, ಹಣ್ಣು, ನಾಲ್ಕೈದು. ಸಲಹೆ: ಭಯವಿಲ್ಲ, ಮನೆಯಲ್ಲೇ ಇರಲಿ. ಅಕ್ಷರ ದುಂಡಗಿತ್ತು, ಒಂದು ಕಾಟೂ ಇರಲಿಲ್ಲ. ‘ಬೆಟ್ಟದ ಚಹಾ’ ಎಂದು ಆ ಕುರುಚಲು ಗಿಡದ ಹೆಸರನ್ನು ಮುದುಕಿ ಅಂದದ್ದು ಚೆನ್ನಾಗಿ ನೆನಪಿದೆ. ‘ಹಣ್ಣು’ ಎಂಬುದು ಯಾರ ಬಾಯಿಂದ ಬಂತು? ನಾಲ್ಕೈದು ಎಂದು ಎಣಿಸಿದವರು ಯಾರು? ಆ ಕಡೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹದಿನಾಲ್ಕು, ಹದಿನೈದು. ಯಾರೂ ಎತ್ತಲಿಲ್ಲ. ಇದು ಮೂರನೆಯ ಸಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕಕ್ಕೆ, ಮೂರು ಮೇಜು ನಾಲ್ಕು ಫೋನು ಇಟ್ಟುಕೊಂಡು ನಡೆಯುತ್ತಿದ್ದ ಆ ವಿಷಚಿಕಿತ್ಸಾ ಕೇಂದ್ರಕ್ಕೆ ಅರ್ಧ ರಾಜ್ಯದ ಫೋನು ಬರುತ್ತಿತ್ತು. ಮಗು ಸೀಮೆಎಣ್ಣೆ ಕುಡಿಯಿತು, ಮುದುಕ ಹೆಂಡತಿಯ ಮಾತ್ರೆ ನುಂಗಿದ, ಹಾವು ಕಚ್ಚಿದ ನಾಯಿ ಈಗ ನನ್ನನ್ನು ಕಚ್ಚಿತು, ಹೀಗೆ. ಫೋನು ಎತ್ತಿದವರು ಕೇಳಬೇಕಾದ್ದನ್ನು ಕೇಳಿ ಎರಡರಲ್ಲಿ ಒಂದು ಮಾತು ಹೇಳಬೇಕು: ಆಸ್ಪತ್ರೆಗೆ ಓಡಿ, ಅಥವಾ ಮನೆಯಲ್ಲೇ ಇರಿ. ಮನೆಯಲ್ಲೇ ಇರಿ ಎಂದವರಿಗೆ ಒಂದು ಗಂಟೆ ಬಿಟ್ಟು ತಿರುಗಿ ಫೋನು ಮಾಡಿ ವಿಚಾರಿಸುವುದು ಅಲ್ಲಿಯ ಪದ್ಧತಿ. ಹತ್ತರಲ್ಲಿ ಏಳು ಜನಕ್ಕೆ ಮನೆಯಲ್ಲೇ ಇರಿ ಎನ್ನುತ್ತೇವೆ, ಅಷ್ಟು ಜನರ ಆಸ್ಪತ್ರೆಯ ಖರ್ಚು ರಾಜ್ಯಕ್ಕೆ ಉಳಿಯುತ್ತದೆ: ಇವತ್ತು ಹನ್ನೊಂದು ಗಂಟೆಗೆ ಶಾಸನಸಭೆಯ ಸಮಿತಿಯ ಮುಂದೆ ಡೆಲ್ಫಾ ಹೇಳಬೇಕಾದ ಮಾತು ಇದೇ. ಹೇಳಿ ಅವರ ಮನಸ್ಸು ಒಲಿಸಿಕೊಂಡರೆ ಕೇಂದ್ರ ಇನ್ನೆರಡು ವರ್ಷ ಉಸಿರಾಡುತ್ತದೆ. ಇಲ್ಲವಾದರೆ ಹೊರರಾಜ್ಯದ ಯಾವುದೋ ಕಂಪನಿ ಅರ್ಧ ಖರ್ಚಿನಲ್ಲಿ ಎಲ್ಲ ಫೋನುಗಳನ್ನೂ ತಾನೇ ಎತ್ತುತ್ತೇನೆಂದು ಬರೆದುಕೊಟ್ಟು ಕೂತಿದೆ.

"ಡೆಲ್ಫಾ, ಇನ್ನೂ ಹೊರಡಲಿಲ್ವಾ? ಹತ್ತೂ ಮುಕ್ಕಾಲಾಯ್ತು" ಎಂದ ಎದುರು ಮೇಜಿನ ಐರಾ ಲೂಬಿನ್. ನ್ಯೂಯಾರ್ಕಿನವನು, ಔಷಧಶಾಸ್ತ್ರ ಓದಿದವನು, ಹೆಂಡತಿಯ ಕೆಲಸದ ದೆಸೆಯಿಂದ ಈ ಊರಿಗೆ ಬಂದು ಬಿದ್ದವನು. ಬೆಟ್ಟದ ಜನ ಫೋನಿನಲ್ಲಿ ಏನು ಹೇಳಿದರೂ ಇವನಿಗೆ ಅರ್ಥವಾಗದು. "ಏನಂದ್ರಿ? ಅಕ್ಷರ ಬಿಡಿಸಿ ಹೇಳಿ. ಎಲೆಯಾ, ಬೇರಾ? ಬಾಟ್ಲಿಯಾ, ಡಬ್ಬಿಯಾ? ಡಬ್ಬಿ ಮೇಲೆ ಏನು ಬರೆದಿದೆ, ಓದಿ" ಎಂದು ಪೀಡಿಸಿ ಪೀಡಿಸಿ ಅವರಿಂದ ಬೈಸಿಕೊಳ್ಳುತ್ತಾನೆ. ಅವನನ್ನು ಗೇಲಿ ಮಾಡುವುದು ಡೆಲ್ಫಾಳ ದಿನದ ಮನರಂಜನೆ. ಇವತ್ತು ಅವನ ಕಡೆ ತಿರುಗಿ ನೋಡಲೂ ಅವಳಿಗೆ ಧೈರ್ಯ ಬರಲಿಲ್ಲ. "ಹೊರಟೆ. ಈ ನಂಬರಿಗೆ ಆಗಾಗ ಮಾಡ್ತಾ ಇರು, ಎತ್ತುತ್ತಿಲ್ಲ" ಎಂದು ಹಾಳೆಯನ್ನು ಅವನ ಮೇಜಿಗೆ ಸರಿಸಿದಳು. ಅವನು ಓದಿ ಹುಬ್ಬು ಏರಿಸಿದ. "ಹಣ್ಣು ತಾನೇ? ನೀವೆಲ್ಲ ತಿಂದು ಬೆಳೆದ ಹಣ್ಣು. ಅದಕ್ಯಾಕೆ ಇಷ್ಟು ಸಲ?" "ಸುಮ್ನೆ ಮಾಡೋ ಮಾರಾಯ" ಎಂದಳು. ಆಗಲೇ ಹೇಳಬಹುದಿತ್ತು. ಅದು ಹಣ್ಣಲ್ಲದೆಯೂ ಇರಬಹುದು ಕಣೋ ಎಂದು ಒಂದೇ ಒಂದು ವಾಕ್ಯ. ಕೋಟಿನ ಗುಂಡಿ ಹಾಕಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದಳು.

ಅನುಮಾನ ಹುಟ್ಟಿಸಿದ್ದು ಬೇರೆ ಯಾರೂ ಅಲ್ಲ, ಅವಳ ಭಾಷಣವೇ. ಹತ್ತು ಗಂಟೆಗೆ ಹೆಂಗಸರ ಕೋಣೆಯ ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿಕೊಂಡಿದ್ದಳು: ‘ನಮ್ಮ ಬೆಟ್ಟದ ಜನ ಎಲೆಗೂ, ಹಣ್ಣಿಗೂ, ಅದರಿಂದ ಇಳಿಸಿದ ಎಣ್ಣೆಗೂ ಒಂದೇ ಹೆಸರು ಇಟ್ಟಿರುತ್ತಾರೆ. ಪರಸ್ಥಳದವರಿಗೆ ಇದು ತಿಳಿಯುವುದಿಲ್ಲ.’ ಎಣ್ಣೆ ಎಂಬಲ್ಲಿಗೆ ಬಂದಾಗ ನಾಲಿಗೆ ನಿಂತಿತು. ಬೆಟ್ಟದ ಚಹಾದ ಎಣ್ಣೆ! ಮುದುಕಿಯರು ಮಂಡಿಗೆ ತಿಕ್ಕಿಕೊಳ್ಳುವುದು, ಮಿಠಾಯಿಗೆ ವಾಸನೆ ಹಿಡಿಸಲು ಎರಡು ತೊಟ್ಟು ಹಾಕುವುದು, ಕಪಾಟಿನಲ್ಲಿ ಕಂದು ಸೀಸೆಯಲ್ಲಿ ಇರುವುದು. ಒಂದು ಟೀ ಚಮಚ ಒಳಗೆ ಹೋದರೆ ದೊಡ್ಡವರ ಆಸ್ಪಿರಿನ್ ಇಪ್ಪತ್ತೊಂದು ಮಾತ್ರೆ ನುಂಗಿದ ಹಾಗೆ. ಮೊದಲು ವಾಂತಿ, ಆಮೇಲೆ ಓಡಿಬಂದವರ ಹಾಗೆ ಏದುಸಿರು, ಮೈಯೆಲ್ಲ ಕೆಂಡ, ಆಮೇಲೆ ಉಸಿರೇ ಇಲ್ಲ. ಇದನ್ನು ಅವಳು ಹೊಸ ನರ್ಸುಗಳಿಗೆ ಪಾಠ ಮಾಡಿದ್ದಾಳೆ. ಕೇಳಿ, ಊಹೆ ಮಾಡಬೇಡಿ, ಎಂದು ಮೇಜು ಕುಟ್ಟಿ ಕುಟ್ಟಿ ಹೇಳಿದ್ದಾಳೆ.

ಸೇತುವೆ ದಾಟಿದರೆ ಶಾಸನಸಭೆ. ಮಾರ್ಚ್ ತಿಂಗಳಾದರೂ ನದಿಯ ಅಂಚಿನಲ್ಲಿ ಹಿಮ ಕರಗಿರಲಿಲ್ಲ. ಗಾಳಿಗೆ ಕಣ್ಣಲ್ಲಿ ನೀರು ಬಂತು. ಹಿಮದ ಅಡಿಯಲ್ಲಿ ಇನ್ನೂ ಹಣ್ಣು ಇರುತ್ತದೆ, ಈ ತಿಂಗಳಲ್ಲೂ ಇರುತ್ತದೆ, ಹಾಗಾಗಿ ಹಣ್ಣೇ ಇರಬೇಕು, ಎಂದು ಅವಳು ತನಗೆ ತಾನೇ ವಕೀಲಿ ಮಾಡಿಕೊಂಡಳು. ಅಪಲಾಚಿಯ ಬೆಟ್ಟಸಾಲಿನ ತನ್ನೂರಿನ ಕೊರಕಲಿನಲ್ಲಿ ಅವಳೂ ಅವಳ ಅಣ್ಣಂದಿರೂ ಕೈಯಿಂದ ಹಿಮ ಸರಿಸಿ, ಹೊಳೆಯುವ ಎಲೆಗಳ ಕೆಳಗಿನ ಕೆಂಪು ಹಣ್ಣನ್ನು ಹುಡುಕಿ ತಿನ್ನುತ್ತಿದ್ದರು. ಹಲ್ಲು ಜುಮ್ಮೆನ್ನುವ ತಣುಪು, ಆಮೇಲೆ ಆ ಸಿಹಿ. ಅಮ್ಮ ಎಲೆ ಕುದಿಸಿ ಕೊಡುತ್ತಿದ್ದಳು. ಕೆಮ್ಮಿಗೂ ಅದೇ, ಹಸಿವಿಗೂ ಅದೇ. ಆ ಹೆಸರನ್ನು ಅವಳು ನರ್ಸಿಂಗ್ ಶಾಲೆಯಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಮ್ಮೆ ಬಾಯಿ ಬಿಟ್ಟು ಹೇಳಿದ್ದಳು. ಮನೆಮದ್ದಿನ ಪಾಠ ನಡೆಯುತ್ತಿತ್ತು. ನಮ್ಮಲ್ಲಿ ಬೆಟ್ಟದ ಚಹಾ ಕೊಡ್ತೀವಿ ಮೇಡಂ, ಎಂದಳು. ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ಅದು ಯಾವ ಪುಸ್ತಕದಲ್ಲಿದೆಯಮ್ಮ?" ಎಂದಳು. ಮೂವತ್ತು ಹುಡುಗಿಯರು ನಕ್ಕರು. ಅವತ್ತಿನಿಂದ ಡೆಲ್ಫಾ ತನ್ನ ಮಾತನ್ನು ಉಜ್ಜಿ ಉಜ್ಜಿ ತೊಳೆದಳು. ಊರಿನ ಎಳೆತ ಹೋಯಿತು, ಊರಿನ ಪದಗಳು ಹೋದವು, ರಜೆಗೆ ಹೋದಾಗ ಅಮ್ಮನೇ "ಏನೇ, ರೇಡಿಯೋ ಹಂಗೆ ಮಾತಾಡ್ತೀಯ" ಎಂದು ಮುಖ ಸಣ್ಣ ಮಾಡಿಕೊಂಡಳು. ಈಗ ಇಪ್ಪತ್ತೆಂಟು ವರ್ಷದ ಮೇಲೆ ಕೇಂದ್ರದ ನಿರ್ದೇಶಕ ಅವಳನ್ನು ಕರೆದು, "ಸಮಿತಿ ಮುಂದೆ ನೀವೇ ಮಾತಾಡಿ ಡೆಲ್ಫಾ. ಅಧ್ಯಕ್ಷರು ಬೆಟ್ಟದ ಕಡೆಯೋರು. ನಿಮ್ಮ ಊರಿನ ಮಾತು ಸ್ವಲ್ಪ ಬರಲಿ, ಚೆನ್ನಾಗಿರುತ್ತೆ" ಎಂದಿದ್ದ. ಅಡಗಿಸಿಟ್ಟದ್ದನ್ನು ಹೊರಗೆ ತೆಗೆದು ತೋರಿಸು, ದುಡ್ಡು ಹುಟ್ಟುತ್ತದೆ, ಎಂದ ಹಾಗಾಗಿತ್ತು ಅವಳಿಗೆ. ಆದರೂ ಒಪ್ಪಿದಳು. ಒಪ್ಪಿ, ಒಳಗೊಳಗೇ ಖುಷಿಯೂ ಪಟ್ಟಳು. ಥೂ.

ಆ ಖುಷಿಯಲ್ಲೇ ಬೆಳಿಗ್ಗೆ ಫೋನು ಎತ್ತಿದ್ದಲ್ಲವೇ? "ಅಲ್ಲೇನವ್ವ ವಿಷದೋರು? ನಮ್ ಪಾಪ ಬೆಟ್ಟದ ಚಹಾ ಬಾಯಿಗಾಕ್ಕೊಂಬುಟ್ಟದೆ ಕಣವ್ವ, ನಂಗ್ಯಾಕೋ ಹೆದ್ರಿಕೆ ಆಯ್ತದೆ." ಎಷ್ಟೋ ವರ್ಷದಿಂದ ಕೇಳದ ಎಳೆತ, ಅಮ್ಮನದೇ ಎಳೆತ. ಡೆಲ್ಫಾಗೆ ನಗು ಬಂದುಬಿಟ್ಟಿತು. ಗೇಲಿಯ ನಗುವಲ್ಲ. ಸಂತೆಯಲ್ಲಿ ಊರಿನವರು ಸಿಕ್ಕಿದಾಗ ಬರುವ ನಗು. "ಅಷ್ಟೇನಾ ಅಜ್ಜಿ! ಅದನ್ನ ತಿಂದೇ ನಾವು ಬೆಳೆದಿದ್ದು. ಏನೂ ಆಗಲ್ಲ, ಆಟಕ್ಕೆ ಬಿಡಿ" ಎಂದಿದ್ದಳು. "ಹಂಗಂತೀಯಾ?" ಎಂದಳು ಮುದುಕಿ. "ಹಂಗೇ ಅಜ್ಜಿ" ಎಂದು ಫೋನಿಟ್ಟು, ಹಾಳೆ ತುಂಬಿ, ಭಾಷಣದ ಕಾಗದ ಎತ್ತಿಕೊಂಡಳು. ಎಲೆಯಾ, ಹಣ್ಣಾ, ಸೀಸೆಯಾ, ಎಷ್ಟು, ಯಾವಾಗ: ಒಂದನ್ನೂ ಕೇಳಲಿಲ್ಲ. ಐರಾ ಆಗಿದ್ದರೆ? ಅಕ್ಷರ ಬಿಡಿಸಿ ಹೇಳಿ ಎನ್ನುತ್ತಿದ್ದ. ಗೊತ್ತಿಲ್ಲದವನು ಕೇಳುತ್ತಿದ್ದ. ಗೊತ್ತಿದ್ದವಳು ನಕ್ಕಳು.

ಶಾಸನಸಭೆಯ ಕಾರಿಡಾರಿನಲ್ಲಿ ಗೋಡೆಗೆ ಸಾಲಾಗಿ ಮೂರು ಕಾಯಿನ್ ಫೋನುಗಳಿದ್ದವು. ಡೆಲ್ಫಾ ಪರ್ಸು ತಡಕಿ ಚಿಲ್ಲರೆ ಹಾಕಿ ಮುದುಕಿಯ ನಂಬರು ತಿರುಗಿಸಿದಳು. ಇಲ್ಲ. ಹೊರಗೆ ಬಟ್ಟೆ ಹರವಲು ಹೋಗಿರಬಹುದು, ಈ ಚಳಿಯಲ್ಲಿ ಯಾರು ಬಟ್ಟೆ ಹರವುತ್ತಾರೆ, ಕೋಳಿಗೆ ಕಾಳು ಹಾಕುತ್ತಿರಬಹುದು, ಒಂದು ಗಂಟೆ ಹೊತ್ತು ಹಾಕುತ್ತಾರೆಯೇ? ಮಗು ನೆಲದ ಮೇಲೆ ಬಿದ್ದಿದೆ, ಮುದುಕಿ ಅದರ ಪಕ್ಕ ಕೂತು, ಫೋನಿನವಳು ಏನೂ ಆಗಲ್ಲ ಅಂದಳಲ್ಲ ಎಂದು ತಟ್ಟುತ್ತಿದ್ದಾಳೆ, ಫೋನು ಹೊಡೆದುಕೊಳ್ಳುತ್ತಿದೆ. ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಕೇಂದ್ರದ ಉಚಿತ ನಂಬರಿಗೆ ಮಾಡಿದಳು. "ಇಲ್ಲ ಡೆಲ್ಫಾ, ಎತ್ತಲಿಲ್ಲ" ಎಂದ ಐರಾ. "ಯಾಕೆ, ಏನಾದ್ರೂ ಇದೆಯಾ?" ಮುದುಕಿಯ ಜಿಲ್ಲೆಯ ಪೊಲೀಸ್ ಶೆರಿಫನಿಗೆ ಒಂದು ಫೋನು ಹೋದರೆ ಜೀಪು ಹೋಗಿ ಬಾಗಿಲು ತಟ್ಟುತ್ತದೆ. ಐರಾಗೆ ಹೇಳಿದರೆ ಎರಡೇ ನಿಮಿಷದ ಕೆಲಸ. ಹೇಳಿದರೆ ಐರಾ ಬರೆದುಕೊಳ್ಳುತ್ತಾನೆ, ನಿರ್ದೇಶಕನಿಗೆ ತಿಳಿಯುತ್ತದೆ, ಇನ್ನು ಐದು ನಿಮಿಷಕ್ಕೆ ಆ ದೊಡ್ಡ ಬಾಗಿಲಿನ ಒಳಗೆ ಹೋಗಿ ‘ನಮ್ಮ ಜನರ ಮಾತು ನಮಗೇ ಅರ್ಥವಾಗುತ್ತದೆ’ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಸಭೆ ಮುಗಿದ ತಕ್ಷಣ ಹೇಳುತ್ತೇನೆ. ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಏನಾಗುತ್ತದೆ? ಅರ್ಧ ಗಂಟೆಯಲ್ಲಿ ಏನಾಗುತ್ತದೆಂದು ಅವಳಿಗೆ ತಿಳಿದಷ್ಟು ಆ ಕಟ್ಟಡದಲ್ಲಿ ಇನ್ನಾರಿಗೂ ತಿಳಿದಿರಲಿಲ್ಲ. "ಏನಿಲ್ಲ, ನೀನು ಮಾಡ್ತಾ ಇರು" ಎಂದು ಇಟ್ಟಳು.

ಒಳಗೆ ಹೋದರೆ ಅವರ ಸರದಿ ಬಂದಿರಲಿಲ್ಲ. ಜೇನುಗೂಡು ತಪಾಸಣೆಯ ಮಾತು ನಡೆಯುತ್ತಿತ್ತು. ನಿರ್ದೇಶಕ ಪಕ್ಕದ ಕುರ್ಚಿ ತೋರಿಸಿ, "ಮುಖ ಯಾಕೆ ಹೀಗಿದೆ? ಹೆದರಬೇಡಿ" ಎಂದು ಪಿಸುಗುಟ್ಟಿದ. ಅರ್ಧ ಗಂಟೆ ಎಂದುಕೊಂಡದ್ದು ಜೇನುನೊಣಕ್ಕೇ ಹೋಯಿತು. ಒಬ್ಬ ಸದಸ್ಯ ತನ್ನ ಮಾವನಿಗೆ ಜೇನು ಕಚ್ಚಿದ ಕಥೆ ಹೇಳಿದ, ಇನ್ನೊಬ್ಬ ಅದಕ್ಕೆ ಉಪಕಥೆ ಸೇರಿಸಿದ. ಡೆಲ್ಫಾಳ ಕಣ್ಣು ಗೋಡೆಯ ಗಡಿಯಾರದ ಮೇಲೆಯೇ ಇತ್ತು. ಈಗ ವಾಂತಿ ನಿಂತಿರುತ್ತದೆ. ಈಗ ಉಸಿರು ಹೆಚ್ಚಾಗಿರುತ್ತದೆ. ಎದ್ದು ಹೋಗಲೇ? ಕುರ್ಚಿ ಕಿರ್ರೆಂದಿತು, ಇಬ್ಬರು ತಿರುಗಿ ನೋಡಿದರು, ಅವಳು ಮತ್ತೆ ಸರಿಯಾಗಿ ಕೂತಳು. ಇಷ್ಟಕ್ಕೆಲ್ಲ ನಾಚಿಕೆಯೇ ಕಾರಣವೆಂದು ಅವಳಿಗೆ ಗೊತ್ತಿತ್ತು.

ಹೆಸರು ಕರೆದಾಗ ಹನ್ನೆರಡು ಹೊಡೆಯಲು ಹತ್ತು ನಿಮಿಷ. ಅಧ್ಯಕ್ಷ ಸೆನೆಟರ್ ಹೋಬರ್ಟ್ ಪ್ರೇಟರ್ ಅಗಲ ಮುಖದ, ಕಲ್ಲಿದ್ದಲು ಗಣಿಯ ಊರಿನ ಮನುಷ್ಯ. ಡೆಲ್ಫಾ ಅಂಕಿಗಳನ್ನು ಓದಿದಳು. ವರ್ಷಕ್ಕೆ ಇಷ್ಟು ಕರೆ, ಇಷ್ಟು ಮಕ್ಕಳು, ಹತ್ತರಲ್ಲಿ ಏಳು ಮನೆಯಲ್ಲೇ. ಸ್ವರ ಒಣಗಿತ್ತು. ಬಲಗಡೆ ಕೂತಿದ್ದ ಸಣಕಲು ಸದಸ್ಯನೊಬ್ಬ ಪೆನ್ಸಿಲು ಕುಟ್ಟುತ್ತ, "ನನಗೆ ಒಂದೇ ಪ್ರಶ್ನೆ ಮೇಡಂ. ಫೋನಿಗೆ ಊರು ಯಾವುದಾದರೇನು? ವಿಷ ಎಲ್ಲಾ ಕಡೆ ವಿಷಾನೇ ಅಲ್ವಾ? ಅರ್ಧ ದುಡ್ಡಿಗೆ ಯಾರೋ ಎತ್ತುತ್ತಾರೆ ಅಂದ್ರೆ ಎತ್ತಲಿ ಬಿಡಿ" ಎಂದ. ಕೆಲವರು ತಲೆಯಾಡಿಸಿದರು. ನಿರ್ದೇಶಕನ ಮುಖ ಸಪ್ಪಗಾಯಿತು. ಪ್ರೇಟರ್ ಮುಂದಕ್ಕೆ ಬಾಗಿ, "ಒಂದು ಉದಾಹರಣೆ ಕೊಡಮ್ಮ. ಇಂಥಾದ್ದು ಬಂತು, ದೂರದೋನಾಗಿದ್ರೆ ಎಡವಿ ಬೀಳ್ತಿದ್ದ, ನಾವಾದದ್ದಕ್ಕೆ ಆಯ್ತು ಅನ್ನೋ ಅಂಥಾದ್ದು" ಎಂದ.

ಆಗ ಅವಳ ಬಾಯಿಂದ ಹೊರಟದ್ದು ಅದೇ. ಬೇರೆ ನೂರು ಇದ್ದವು, ಅದೇ ಹೊರಟಿತು. "ಇವತ್ತು ಬೆಳಿಗ್ಗೇನೇ ಒಬ್ಬ ಅಜ್ಜಿ ಫೋನ್ ಮಾಡಿದ್ರು ಸರ್" ಎಂದು ಶುರು ಮಾಡಿದಳು. ಅಜ್ಜಿಯ ಎಳೆತವನ್ನೇ ತೆಗೆದು, "ಪಾಪ ಬೆಟ್ಟದ ಚಹಾ ಬಾಯಿಗಾಕ್ಕೊಂಬುಟ್ಟದೆ ಕಣವ್ವ" ಎಂದು ಆಡಿ ತೋರಿಸಿದಳು. ಸಭೆ ಗೊಳ್ಳೆಂದಿತು. ಪ್ರೇಟರ್ ಮೇಜು ಬಡಿದು ನಕ್ಕ. "ಅಯ್ಯೋ, ನಮ್ಮಜ್ಜೀನೂ ಹಂಗೇ ಅನ್ನೋಳು! ಬುಟ್ಟಿ ತುಂಬಾ ಕೀಳಿಸೋಳು ನಮ್ಮ ಕೈಲಿ!" ಡೆಲ್ಫಾಳ ನಾಲಿಗೆ ಈಗ ತಾನೇತಾನಾಗಿ ಹರಿಯಿತು. "ಹೊರಗಿನೋರಾಗಿದ್ರೆ ಪುಸ್ತಕ ಹುಡುಕ್ತಿದ್ರು ಸರ್, ಸಿಗ್ತಿರಲಿಲ್ಲ, ಹೆದರಿ ಆಸ್ಪತ್ರೆಗೆ ಹೋಗಿ ಅಂತಿದ್ರು. ಐವತ್ತು ಮೈಲಿ ಬೆಟ್ಟದ ದಾರಿ, ಹಿಮ ಬೇರೆ. ನಾನು, ಅಜ್ಜಿ ಅದು ಬರೀ ಹಣ್ಣು, ಆಟಕ್ಕೆ ಬಿಡಿ ಅಂದೆ." "ಈಗ ಹೆಂಗವ್ನೆ ಮಗು?" ಎಂದು ಪ್ರೇಟರ್ ಕೇಳಿದ, ನಗುತ್ತಲೇ, ಅಕ್ಕರೆಯಿಂದ. "ಗೋಡೆ ಹತ್ಕೊಂಡು ಅಜ್ಜಿ ಪ್ರಾಣ ತಿಂತಿರ್ತಾನೆ ಸರ್" ಎಂದಳು. ಮತ್ತೆ ನಗು. ಕೈ ಎತ್ತಿಸಿದರು. ಕೇಂದ್ರದ ಪರ ಏಳು, ವಿರುದ್ಧ ಎರಡು. ಸಣಕಲು ಸದಸ್ಯನೂ ಕೈ ಎತ್ತಿದ್ದ. ನಿರ್ದೇಶಕ ಮೇಜಿನ ಅಡಿಯಲ್ಲಿ ಅವಳ ಕೈ ಹಿಡಿದು ಅದುಮಿದ.

ಕಾರಿಡಾರಿಗೆ ಓಡಿ ಬಂದು ಕೇಂದ್ರಕ್ಕೆ ಫೋನು ಮಾಡಿದಳು. ಐರಾನ ಸ್ವರ ಬದಲಾಗಿತ್ತು. "ಎಲ್ಲಿದ್ದೆ ಡೆಲ್ಫಾ? ಆ ಜಿಲ್ಲೆಯ ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಿನ್ನ ಹುಡುಗ ಅಲ್ಲಿದ್ದಾನೆ. ಉಸಿರು ನಿಮಿಷಕ್ಕೆ ಅರವತ್ತು. ಏನು ಕೊಡಬೇಕು ಅಂತ ಹೇಳಿದೀನಿ, ಡ್ರಿಪ್ ಹಾಕಿದಾರೆ, ಬಹುಶಃ ಉಳೀತಾನೆ." ಸ್ವಲ್ಪ ನಿಂತು, "ಹಣ್ಣಲ್ಲ, ಎಣ್ಣೆ. ಅಜ್ಜಿ ಬಾಟ್ಲಿ ಕೈಯಲ್ಲೇ ಹಿಡಕೊಂಡು ಬಂದಿದಾಳೆ. ವಿಷದೋರು ಮನೇಲೇ ಇರು ಅಂದ್ರು ಅಂತಾಳಂತೆ. ಏನೋ ತಪ್ಪು ತಿಳ್ಕೊಂಡಿರಬೇಕು ಅಂದೆ ನಾನು" ಎಂದ. ಅವನು ಅವಳನ್ನು ಕಾಪಾಡಲು ತಪ್ಪನ್ನು ಮುದುಕಿಯ ತಲೆಗೆ ಕಟ್ಟಿದ್ದ. ಉಳಿಯುತ್ತಾನೆ ಎಂಬುದು ಡೆಲ್ಫಾಳ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಆಸ್ಪತ್ರೆಯ ನಂಬರು ಕೇಳಿ, ಪರ್ಸಿನ ತಳದಲ್ಲಿದ್ದ ಚಿಲ್ಲರೆಯನ್ನೆಲ್ಲ ಸುರಿದು ತಿರುಗಿಸಿದಳು. ನರ್ಸು ಹೋಗಿ ಮುದುಕಿಯನ್ನು ಕರೆತಂದಳು.

"ಬೇಜಾರ್ ಮಾಡ್ಕೋಬ್ಯಾಡ ಕಣವ್ವ" ಎಂದಳು ಓಷಾ ಸೈಜ್‌ಮೋರ್, ಮೊದಲ ಮಾತಿಗೇ. "ನಿನ್ ಮಾತು ಮೀರಿ ಬಂದುಬುಟ್ಟೆ. ನಿಂಗೇನಾರ ತೊಂದ್ರೆ ಆಯ್ತದಾ ನನ್ನಿಂದ?"

"ಇಲ್ಲ ಅಜ್ಜಿ, ಇಲ್ಲ" ಎಂದಳು ಡೆಲ್ಫಾ. "ನೀವು ಬಂದದ್ದೇ ಒಳ್ಳೇದಾಯ್ತು. ಯಾಕೆ ಬಂದ್ರಿ, ನಾನು ಬೇಡ ಅಂದಿದ್ದೆನಲ್ಲ?"

"ನೀನು ನಕ್ಕೆಯಲ್ಲ ಮಗಳೇ. ಏನೂ ಕೇಳ್ಲಿಲ್ಲ, ನಕ್ಕುಬುಟ್ಟೆ. ಅದ್ಕೇ ಎದೆ ಹೊಡ್ಕೊಂತು. ಮನೆ ಪಕ್ಕದ ವರ್ಜಿಲಣ್ಣನ ಟ್ರಕ್ ಹತ್ಕೊಂಡ್ ಬಂದೆ. ಇಲ್ಲಿ ಡಾಕ್ಟ್ರು ಬೈತವ್ರೆ, ಸರಿಯಾಗಿ ಹೆಸ್ರು ಹೇಳ್ಬಾರ್ದಿತ್ತಾ ಅಂತಾರೆ. ನಾನು ಏನಂತ ಹೇಳ್ಬೇಕಿತ್ತವ್ವ? ನಮ್ಮೋರೆಲ್ಲಾ ಹಂಗೇ ಅಲ್ವಾ ಅನ್ನೋದು?"

"ನೀವು ಸರಿಯಾಗೇ ಹೇಳಿದ್ರಿ. ನಾನು ಕೇಳಲಿಲ್ಲ" ಎಂದಳು ಡೆಲ್ಫಾ. ಬೆಳಿಗ್ಗೆ ಕೇಳಬೇಕಾದ್ದನ್ನೆಲ್ಲ ಈಗ ಕೇಳತೊಡಗಿದಳು. ಎಷ್ಟು ಹೊತ್ತಿಗೆ, ಸೀಸೆ ಎಷ್ಟು ತುಂಬಿತ್ತು, ಈಗ ಎಷ್ಟಿದೆ. ಹಾಳೆಯ ಸಾಲುಗಳು ಒಂದರ ಕೆಳಗೊಂದು ಕಣ್ಣ ಮುಂದೆ ಬಂದವು. ಕೊನೆಯ ಸಾಲು ಯಾವಾಗಲೂ ಒಂದೇ. "ಮನೇಲಿ ಬೇರೆ ಮಕ್ಕಳು ಇದ್ದಾರಾ ಅಜ್ಜಿ?"

"ಅವನಕ್ಕ ಅವ್ಳೆ, ರೋಂಡಾ. ಏಳು ವರ್ಸ. ಅವ್ಳೇ ಕಣವ್ವ ಸೀಸೆ ಇಳಿಸಿದ್ದು. ಚೆನ್ನಾಗಿ ಬೈದು, ವರ್ಜಿಲಣ್ಣನ ಮನೇಲಿ ಬಿಟ್ಟು ಬಂದಿವ್ನಿ. ಅವನ ಹೆಂಡ್ತಿ ಹಾಸಿಗೆ ಹಿಡಿದೋಳು, ಅವಳ ತಾವ ಕೂತಿರು ಅಂತ."

"ಅವಳೂ ಕುಡಿದಳಾ?"

"ಅವಳ್ನ ಯಾರು ಕೇಳಿದ್ರವ್ವ" ಎಂದಳು ಮುದುಕಿ ಮೆಲ್ಲಗೆ.

ವರ್ಜಿಲನ ಮನೆಯ ನಂಬರನ್ನು ಡೆಲ್ಫಾ ಭಾಷಣದ ಕಾಗದದ ಬೆನ್ನಿಗೆ ಬರೆದುಕೊಂಡಳು. ಅವಸರಕ್ಕೆ ಒಂದು ಏಳು ಒಂದರಂತೆ ಕಂಡಿತು, ಮತ್ತೆ ಕೇಳಿ ತಿದ್ದಿದಳು. ಪರ್ಸು ಖಾಲಿ. ತಿರುಗಿದರೆ ಸೆನೆಟರ್ ಪ್ರೇಟರ್ ಕೈ ಚಾಚಿಕೊಂಡು ಬರುತ್ತಿದ್ದ. "ಏನಮ್ಮ, ಗೆದ್ದುಬಿಟ್ಟೆಯಲ್ಲ! ಆ ಅಜ್ಜಿ ಕಥೆ ಇನ್ನೊಂದ್ಸಲ ಹೇಳಬೇಕು ನೀನು, ನಮ್ಮ ಮನೆಯೋಳಿಗೆ."

"ಚಿಲ್ಲರೆ ಕೊಡಿ ಸರ್" ಎಂದಳು. "ಇದ್ದಷ್ಟೂ ಕೊಡಿ. ಆ ಮಗು ಆಸ್ಪತ್ರೇಲಿದೆ. ನಾನು ಒಳಗೆ ಹೇಳಿದ್ದು ಸುಳ್ಳು. ಅದರಕ್ಕನೂ ಕುಡಿದಿರಬಹುದು." ಅವನ ಕೈ ಚಾಚಿದಲ್ಲೇ ನಿಂತಿತು, ಆಮೇಲೆ ಜೇಬಿಗೆ ಹೋಯಿತು. ಹಿಡಿ ತುಂಬ ನಾಣ್ಯ ಅವಳ ಕೈಗೆ ಬಂತು. "ನೀವು ಪಕ್ಕದ ಫೋನಿಂದ ನಮ್ಮ ಕೇಂದ್ರಕ್ಕೆ ಮಾಡಿ. ನಿಮ್ಮ ಫೈಲಿನ ಮೇಲೇ ನಂಬರಿದೆ, ದುಡ್ಡು ಹಾಕಬೇಕಿಲ್ಲ. ಐರಾ ಅಂತ ಎತ್ತುತ್ತಾನೆ. ಓಷಾ ಅಜ್ಜಿಯ ಪಕ್ಕದ ವರ್ಜಿಲನ ಮನೆಗೆ ಆಂಬುಲೆನ್ಸ್ ಬೇಕು ಅನ್ನಿ." ಪ್ರೇಟರ್ ಫೈಲು ತಿರುಗಿಸಿ, ಕನ್ನಡಕ ಹುಡುಕಿ, ನಂಬರು ತಿರುಗಿಸತೊಡಗಿದ.

ವರ್ಜಿಲನ ಮನೆಯಲ್ಲಿ ಫೋನು ಎತ್ತಿದ್ದು ಒಂದು ಸಣ್ಣ ಸ್ವರ. "ಹಲೋ?"

"ರೋಂಡಾನಾ? ಏನ್ಮಾಡ್ತಿದೀಯ ಕಂದ?"

"ಮಲಗಿದೀನಿ. ಹೊಟ್ಟೆ ತೊಳಸ್ತಿದೆ. ಕಿವಿ ಒಳಗೆ ಜೀರುಂಡೆ ಕೂಗ್ತಿದೆ."

ಆ ಎಣ್ಣೆ ರಕ್ತಕ್ಕೆ ಸೇರಿದರೆ ಕಿವಿಯಲ್ಲಿ ಗುಂಯ್ಗುಡುತ್ತದೆ. ಡೆಲ್ಫಾ ಗೋಡೆಗೆ ಹಣೆ ಒತ್ತಿಕೊಂಡಳು. "ತಮ್ಮ ಕುಡಿದ್ನಲ್ಲ, ನೀನೂ ಕುಡಿದ್ಯಾ?" ಎಂದಳು.

"ನಾವು ಚಹಾ ಆಟ ಆಡಿದ್ವಿ. ಅಜ್ಜಿ ಅದನ್ನ ಚಹಾ ಅಂತಾರೆ. ತಮ್ಮ ನೆಂಟ, ನಾನು ಮನೆಯೋಳು. ನೆಂಟರು ಕುಡಿಯೋವಾಗ ಮನೆಯೋರೂ ಕುಡೀಬೇಕಲ್ವಾ?"

"ಎಷ್ಟು ಕುಡಿದೆ?"

"ಒಂದೇ ಗುಟುಕು. ಖಾರ ಇತ್ತು. ಅಜ್ಜಿಗೆ ಹೇಳ್ಬೇಡಿ, ಅವರು ಆಗ್ಲೇ ಅಳ್ತಾ ಹೋದ್ರು."

"ಹೇಳಬೇಕು ಕಂದ. ಹೇಳಿದ್ರೆ ಅಜ್ಜಿ ಬೈಯಲ್ಲ. ನಿನ್ನ ಕರ್ಕೊಂಡು ಹೋಗೋಕೆ ಗಾಡಿ ಬರ್ತಿದೆ. ಅಲ್ಲೀವರೆಗೆ ನಿದ್ದೆ ಮಾಡಬಾರದು, ಎದ್ದು ಕೂತ್ಕೊ, ನನ್ನ ಜೊತೆ ಮಾತಾಡ್ತಾ ಇರು."

ಪಕ್ಕದಲ್ಲಿ ಪ್ರೇಟರ್ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಅವಳತ್ತ ತಿರುಗಿದ. ಅಗಲ ಮುಖ ಕೆಂಪಗಾಗಿತ್ತು. "ಇವನು ಬಿಡ್ತಿಲ್ಲ ಕಣಮ್ಮ! ಏನು ಕುಡಿದಳು ಅಂದ, ಬೆಟ್ಟದ ಚಹಾ ಅಂದೆ. ಅಕ್ಷರ ಬಿಡಿಸಿ ಹೇಳಿ ಅಂತಾನೆ. ಎಲೆಯಾ ಬಾಟ್ಲಿಯಾ ಅಂತಾನೆ. ವಯಸ್ಸೆಷ್ಟು, ತೂಕ ಎಷ್ಟು, ಎಷ್ಟು ಹೊತ್ತಾಯ್ತು ಅಂತ ಪ್ರಾಣ ತಿಂತಾನೆ. ಯಾವ ಊರೋನು ಇವನು?"

"ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ ಸರ್" ಎಂದಳು ಡೆಲ್ಫಾ. "ಎಣ್ಣೆ. ಒಂದು ಗುಟುಕು. ಏಳು ವರ್ಷ. ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ. ಕಿವಿಯಲ್ಲಿ ಸದ್ದು ಶುರುವಾಗಿದೆ."

ಪ್ರೇಟರ್ ಒಂದೊಂದನ್ನೂ ಜೋರಾಗಿ, ಶಾ‌ಲೆಯಲ್ಲಿ ಪಾಠ ಒಪ್ಪಿಸುವವನಂತೆ ಫೋನಿಗೆ ಹೇಳಿದ. ಸಮಿತಿಯ ಬಾಗಿಲು ತೆರೆದು ಜನ ಊಟಕ್ಕೆ ಹೊರಟಿದ್ದರು. ನಿರ್ದೇಶಕ ದೂರದಿಂದಲೇ ಕೈ ಬೀಸುತ್ತ ಬರುತ್ತಿದ್ದ. ಡೆಲ್ಫಾ ಇನ್ನೆರಡು ನಾಣ್ಯ ಹಾಕಿದಳು.

"ರೋಂಡಾ? ಇದೀಯಾ?"

"ಇದೀನಿ" ಎಂದಳು ಹುಡುಗಿ. ಸ್ವರ ಸ್ವಲ್ಪ ದೂರ ಹೋದ ಹಾಗಿತ್ತು. "ನೀವ್ಯಾರು?"

"ನಾನಾ? ಬೆಳಿಗ್ಗೆ ನಿಮ್ಮಜ್ಜಿ ಫೋನ್ ಮಾಡಿದಾಗ ನಕ್ಕುಬಿಟ್ಟೆನಲ್ಲ, ಅವಳು ಕಂದ" ಎಂದಳು. ಪ್ರೇಟರ್ ಕೇಳಿಸಿಕೊಂಡ, ನಿರ್ದೇಶಕನೂ ಅಷ್ಟರಲ್ಲಿ ಹತ್ತಿರ ಬಂದು ಕೇಳಿಸಿಕೊಂಡ. ಅವಳು ಇಬ್ಬರಿಗೂ ಬೆನ್ನು ತಿರುಗಿಸಿ, "ಈಗ ನಗಲ್ಲ. ಹೇಳು, ನಿನ್ನ ಚಹಾ ಬಟ್ಟಲು ಯಾವ ಬಣ್ಣದ್ದು?" ಎಂದು ಕೇಳಿದಳು.